ಓದುಗರ ಪ್ರಶ್ನೆ: ಫಿಗರ್ ಸ್ಕೇಟಿಂಗ್ 20ಕ್ಕೇ ಮುಗಿಯುವ ಆಟವಾ?

ಪ್ರಶ್ನೆ: ನಾವು ಡೊಂಬಿವಲಿಯಲ್ಲಿದ್ದೇವೆ. 9 ವರ್ಷದ ಮಗಳು ಸೊಸೈಟಿಯ ಅಂಗಳದಲ್ಲಿ ರೋಲರ್ ಸ್ಕೇಟಿಂಗ್ ಕಲಿಯುತ್ತಿದ್ದಾಳೆ. ಈಗ ಟೀವಿಯಲ್ಲಿ ಐಸ್ ಮೇಲಿನ ಫಿಗರ್ ಸ್ಕೇಟಿಂಗ್ ನೋಡಿ ತನಗೂ ಅದೇ ಬೇಕು ಅಂತಾಳೆ. ಆದರೆ ಆ ಹುಡುಗಿಯರು 20 ತುಂಬುವ ಮೊದಲೇ ಆಟ ಬಿಡುತ್ತಾರಂತೆ. ಯಾಕೆ ಹಾಗೆ? ಅಂಥ ಆಟಕ್ಕೆ ಮಗುವನ್ನು ಹಾಕಬಹುದಾ?

ಉತ್ತರ: ಮಳೆಗಾಲದಲ್ಲಿ ಊರಿನ ಯಕ್ಷಗಾನ ಕಲಾವಿದರು ಮುಂಬೈಗೆ ಬರುತ್ತಾರಲ್ಲ, ಆಗ ಒಂದು ಆಟ ನೋಡಿಯೇ ಇರ್ತೀರಿ. ತೆಂಕುತಿಟ್ಟಿನ ಪುಂಡುವೇಷದ ಹುಡುಗ ಧೀಂಗಿಣ, ಅಂದರೆ ಗಿರಗಿರನೆ ಸುತ್ತುವ ಜಿಗಿತ, ಹಾಕುವಾಗ ಇಡೀ ಸಭೆ ಉಸಿರು ಹಿಡಿದು ಕೂತಿರುತ್ತದೆ. 45 ದಾಟಿದ ಮೇಲೂ ಅದೇ ವೇಗದಲ್ಲಿ ಧೀಂಗಿಣ ಹಾಕುವುದು ಕಷ್ಟ. ಹಾಗಂತ ಕಲಾವಿದ ಮೇಳ ಬಿಟ್ಟು ಹೋಗುವುದಿಲ್ಲ, ಬೇರೆ ವೇಷಕ್ಕೆ ಹೋಗುತ್ತಾನೆ. ನಿಮ್ಮ ಪ್ರಶ್ನೆಗೆ ನನ್ನ ಉತ್ತರ ಇದರಲ್ಲೇ ಇದೆ. ಟೀವಿಯಲ್ಲಿ ನಿಮ್ಮ ಮಗಳು ನೋಡಿದ್ದು ಹೆಚ್ಚಾಗಿ ಪುಂಡುವೇಷವನ್ನು, ಅಂದರೆ ಮಹಿಳೆಯರ ಸಿಂಗಲ್ಸ್ ಅನ್ನು.

ಅಲ್ಲಿ ಅಂಕ ಬರುವುದು ಜಾಸ್ತಿ ಜಿಗಿತಗಳಿಂದ. ಲುಟ್ಜ್ ಅನ್ನುವ ಜಿಗಿತದಲ್ಲಿ ಗಾಳಿಯಲ್ಲಿ ಮೂರು ಸುತ್ತು ತಿರುಗಿದರೆ ಮೂಲ ಅಂಕ 5.9. ನಾಲ್ಕು ಸುತ್ತು ತಿರುಗಿದರೆ 11.5. ಒಂದೇ ಒಂದು ಸುತ್ತಿಗೆ ಹತ್ತಿರ ಹತ್ತಿರ ಎರಡು ಪಟ್ಟು! ಆದರೆ ಗಾಳಿಯಲ್ಲಿ ಸಿಗುವ ಸಮಯ ಮುಕ್ಕಾಲು ಸೆಕೆಂಡೂ ಇಲ್ಲ. ಅಷ್ಟರಲ್ಲಿ ನಾಲ್ಕು ಸುತ್ತು ಮುಗಿಸಬೇಕಾದರೆ ಮೈ ಬುಗುರಿಯ ಹಾಗೆ ಸಣ್ಣಗೆ, ಬಿಗಿಯಾಗಿ ಇರಬೇಕು. ತಿರುಗುವ ಕುರ್ಚಿಯಲ್ಲಿ ಕೂತು, ಚಾಚಿದ ಕೈಗಳನ್ನು ಎದೆಗೆ ಎಳೆದುಕೊಂಡು ನೋಡಿ. ವೇಗ ತಟ್ಟನೆ ಹೆಚ್ಚುತ್ತದೆ. 13–14ರ ಹುಡುಗಿಯ ಮೈ ಇದಕ್ಕೆ ಸುಲಭವಾಗಿ ಒಗ್ಗುತ್ತದೆ. ಆಮೇಲೆ ಸೊಂಟ ಅಗಲವಾಗುತ್ತದೆ, ತೂಕ ಏರುತ್ತದೆ, ಎತ್ತರ ಬೆಳೆಯುತ್ತದೆ. ನಿನ್ನೆ ಪೂರ್ತಿಯಾಗುತ್ತಿದ್ದ ಜಿಗಿತ ಇವತ್ತು ಕಾಲು ಸುತ್ತು ಕಡಿಮೆ ಬೀಳುತ್ತದೆ. ಹುಡುಗರಿಗೆ ಅದೇ ವಯಸ್ಸಿನಲ್ಲಿ ಸ್ನಾಯು ಬಲ ಬರುವುದರಿಂದ ಅವರ ಲೆಕ್ಕ ಬೇರೆ.

ಇನ್ನೊಂದು ವಿಷಯ ತಂದೆ ತಾಯಿಗೆ ಗೊತ್ತಿರಲೇಬೇಕು. ಸ್ಕೇಟರ್ ತನ್ನ ಎಲ್ಲ ದೊಡ್ಡ ಜಿಗಿತಗಳಲ್ಲೂ ಇಳಿಯುವುದು ಸಾಮಾನ್ಯವಾಗಿ ಒಂದೇ ಕಾಲಿನ ಮೇಲೆ. ಎಡಕ್ಕೆ ತಿರುಗುವವರಾದರೆ ಬಲಗಾಲು. ಅದೂ ಹಿಮ್ಮುಖವಾಗಿ, ಕೆಲವೇ ಮಿಲಿಮೀಟರ್ ದಪ್ಪದ ಬ್ಲೇಡಿನ ಒಂದು ಅಂಚಿನ ಮೇಲೆ, ಮೈತೂಕದ ಹಲವು ಪಟ್ಟು ಹೊಡೆತದೊಂದಿಗೆ. ದಿನಕ್ಕೆ ಹತ್ತಾರು ಸಲ, ವರ್ಷಗಟ್ಟಲೆ. ಪಾದ, ಸೊಂಟದ ಕೀಲು, ಬೆನ್ನು ಎಲ್ಲವೂ ಅದನ್ನು ತಾಳಬೇಕು.

ಕೆಲವು ಹುಡುಗಿಯರ ಕಥೆ ಓದಿದಾಗ ನನಗೆ ಸಂಕಟವಾಗುತ್ತದೆ. ಯೂಲಿಯಾ ಲಿಪ್ನಿಟ್ಸ್ಕಯಾ 2014ರ ಸೋಚಿ ಒಲಿಂಪಿಕ್ಸ್‌ನಲ್ಲಿ ರಷ್ಯಾ ತಂಡದೊಂದಿಗೆ ಚಿನ್ನ ಗೆದ್ದಾಗ ಅವಳಿಗೆ 15. ಊಟವನ್ನೇ ಬಿಡುವಂತೆ ಮಾಡುವ ಅನೊರೆಕ್ಸಿಯಾ ಕಾಯಿಲೆಗೆ ಚಿಕಿತ್ಸೆ ಪಡೆದು, 19ಕ್ಕೇ ಆಟ ಬಿಟ್ಟಳು. 2018ರಲ್ಲಿ ಚಿನ್ನ ಗೆದ್ದ ಅಲೀನಾ ಜಗಿಟೋವಾಗೂ ಆಗ 15. 17ಕ್ಕೆ ಸ್ಪರ್ಧೆಗಳಿಂದ ದೂರ ಸರಿದಳು. 2022ರ ಬೀಜಿಂಗ್‌ನಲ್ಲಿ 15ರ ಕಮೀಲಾ ವಲೀವಾ ಉದ್ದೀಪನ ಮದ್ದಿನ ಪ್ರಕರಣದಲ್ಲಿ ಸಿಕ್ಕಿ, ಇಡೀ ಜಗತ್ತಿನ ಕಣ್ಣೆದುರು ಮತ್ತೆ ಮತ್ತೆ ಬಿದ್ದಳು. ಬೆಳೆಯುವ ಮಗುವಿಗೆ ಬೆಳೆಯಬೇಡ ಅನ್ನುವ ತರಬೇತಿಯನ್ನು ನಾನು ಯಾವತ್ತೂ ಒಪ್ಪಲಾರೆ.

ಅದೇ ವರ್ಷ ಅಂತರರಾಷ್ಟ್ರೀಯ ಸ್ಕೇಟಿಂಗ್ ಒಕ್ಕೂಟ ನಿಯಮ ಬದಲಿಸಿತು. ಸೀನಿಯರ್ ಸ್ಪರ್ಧೆಗೆ ಕನಿಷ್ಠ ವಯಸ್ಸು 15 ಇದ್ದದ್ದು, 2023–24ರಲ್ಲಿ 16 ಆಯಿತು, 2024–25ರಿಂದ 17.

ಈಗ ಮೇಳದ ಉಳಿದ ವೇಷಗಳಿಗೆ ಬರೋಣ. ಸಿಂಗಲ್ಸ್‌ನಲ್ಲೇ ಜಪಾನಿನ ಕಾವೊರಿ ಸಕಮೊಟೊ 2022, 2023, 2024ರಲ್ಲಿ ಸಾಲಾಗಿ ಮೂರು ಸಲ ವಿಶ್ವ ಚಾಂಪಿಯನ್ ಆದಳು. ಮೂರನೆಯ ಸಲ ಅವಳಿಗೆ 23. ನಾಲ್ಕು ಸುತ್ತಿನ ಜಿಗಿತ ಒಂದೂ ಇಲ್ಲದೆ ಗೆದ್ದಳು. ಅವಳ ವೇಗ, ಒಂದು ಜಿಗಿತದಿಂದ ಇಳಿದು ಗಾಳಿ ಬೀಸಿದ ಹಾಗೆ ಮುಂದೆ ಸಾಗುವ ರೀತಿ ಒಮ್ಮೆ ನೋಡಿ. ಮಗಳಿಗೂ ತೋರಿಸಿ. ಇಟಲಿಯ ಕರೋಲಿನಾ ಕಾಸ್ಟ್ನರ್ 27ಕ್ಕೆ ಒಲಿಂಪಿಕ್ ಕಂಚು ಗೆದ್ದು, 31ಕ್ಕೆ ಇನ್ನೊಂದು ಒಲಿಂಪಿಕ್ಸ್‌ನಲ್ಲಿ ಐದನೆಯವಳಾದಳು. ಅಮೆರಿಕದ ಅಲಿಸಾ ಲಿಯು 16ಕ್ಕೆ ಸಾಕು ಅಂತ ಬಿಟ್ಟುಹೋದವಳು. ಎರಡು ವರ್ಷ ತನ್ನ ಪಾಡಿಗೆ ಬದುಕಿ, ತನಗೇ ಬೇಕೆನಿಸಿ ಮರಳಿ ಬಂದು, 2025ರಲ್ಲಿ ವಿಶ್ವ ಚಾಂಪಿಯನ್ ಆದಳು.

ಜೋಡಿ ಸ್ಕೇಟಿಂಗ್ ಮತ್ತು ಐಸ್ ಡಾನ್ಸ್‌ನಲ್ಲಿ ಆಯಸ್ಸು ಇನ್ನೂ ಜಾಸ್ತಿ. ಡಿಯಾನ್ನಾ ಸ್ಟೆಲ್ಲಾಟೊ ಸೊಂಟದ ಗಾಯದಿಂದ ಹದಿಹರೆಯದಲ್ಲೇ ಆಟ ಬಿಟ್ಟಿದ್ದಳು. 16 ವರ್ಷದ ಮೇಲೆ ಜೋಡಿ ಸ್ಕೇಟಿಂಗ್‌ಗೆ ಬಂದಳು. 2024ರಲ್ಲಿ, 40ನೇ ವಯಸ್ಸಿಗೆ, ಕೆನಡಾದ ಪರವಾಗಿ ವಿಶ್ವ ಚಾಂಪಿಯನ್! ಸ್ಪರ್ಧೆ ಬಿಟ್ಟ ಮೇಲೂ ಕೋಚ್, ನೃತ್ಯ ಸಂಯೋಜನೆ, ತೀರ್ಪುಗಾರಿಕೆ, ಪ್ರದರ್ಶನ ತಂಡಗಳು ಇದ್ದೇ ಇವೆ.

ಇನ್ನು ಡೊಂಬಿವಲಿಗೆ ಬರೋಣ. ಕಷ್ಟ ಮುಚ್ಚಿಡುವುದಿಲ್ಲ. ದಿನಾ ಬೆಳಿಗ್ಗೆ ಹೋಗಿ ಅಭ್ಯಾಸ ಮಾಡಲು ಒಲಿಂಪಿಕ್ ಅಳತೆಯ, ಅಂದರೆ 60 ಮೀಟರ್ ಉದ್ದ, 30 ಮೀಟರ್ ಅಗಲದ ಐಸ್ ರಿಂಕ್ ನಮ್ಮ ಹತ್ತಿರದಲ್ಲಿಲ್ಲ. ಮಾಲ್‌ನ ಹಿಮದ ಕೋಣೆ ಸುಮ್ನೆ ಆಡಲಿಕ್ಕೆ ಸರಿ, ಕಲಿಯಲಿಕ್ಕೆ ಸಾಲದು. ಆ ಅಳತೆಯ ರಿಂಕ್ ಇರುವುದು ಡೆಹ್ರಾಡೂನ್‌ನಲ್ಲಿ. ಶಿಮ್ಲಾದ ಹಳೆಯ ರಿಂಕ್ ಚಳಿಗಾಲದಲ್ಲಿ ಮಾತ್ರ. ಭಾರತದ ಪರ ಸ್ಪರ್ಧಿಸುವ ತಾರಾ ಪ್ರಸಾದ್ ಹುಟ್ಟಿ ಬೆಳೆದದ್ದು ಅಮೆರಿಕದಲ್ಲಿ.

ಆದರೆ ಚಕ್ರದ ಮೇಲೆ ಕಲಿತದ್ದು ವ್ಯರ್ಥ ಆಗುವುದಿಲ್ಲ. 1998ರಲ್ಲಿ 15ಕ್ಕೇ ಒಲಿಂಪಿಕ್ ಚಿನ್ನ ಗೆದ್ದ ತಾರಾ ಲಿಪಿನ್ಸ್ಕಿ 3ನೇ ವಯಸ್ಸಿಗೆ ಶುರು ಮಾಡಿದ್ದು ರೋಲರ್ ಸ್ಕೇಟ್ಸ್ ಮೇಲೆ, ಐಸ್ ಆಮೇಲೆ ಬಂತು. ರೋಲರ್‌ನಲ್ಲೇ ಆರ್ಟಿಸ್ಟಿಕ್ ಸ್ಕೇಟಿಂಗ್ ಅನ್ನುವ ವಿಭಾಗವಿದೆ. ಆಕ್ಸೆಲ್, ಲುಟ್ಜ್, ಸಾಲ್ಕೊ ಅಂತ ಜಿಗಿತಗಳ ಹೆಸರೂ ಅವೇ. ಹೈದರಾಬಾದಿನ ಅನೂಪ್ ಕುಮಾರ್ ಯಾಮ 2010ರ ಗ್ವಾಂಗ್‌ಝೌ ಏಷ್ಯನ್ ಗೇಮ್ಸ್‌ನಲ್ಲಿ ಇದರಲ್ಲೇ ಎರಡು ಕಂಚು ತಂದರು. ಒಂದು ಒಂಟಿಯಾಗಿ, ಇನ್ನೊಂದು ಅವನಿ ಪಾಂಚಾಲ್ ಜೊತೆ.

ಹಾಗಾಗಿ ಕ್ಲಾಸಿನಲ್ಲಿ ಸ್ಪೀಡ್ ಮಾತ್ರ ಕಲಿಸುತ್ತಾರಾ, ಆರ್ಟಿಸ್ಟಿಕ್ ಕೂಡ ಇದೆಯಾ ಅಂತ ಕೇಳಿ. ಭರತನಾಟ್ಯಕ್ಕೆ ಹೋಗುತ್ತಿದ್ದರೆ ಬಿಡಿಸಬೇಡಿ, ಅರಮಂಡಿಯಲ್ಲಿ ಬರುವ ತೊಡೆಯ ಬಲ ಇಲ್ಲೂ ಬೇಕು. ವಾರಕ್ಕೆ ಒಂದು ದಿನವಾದರೂ ಪೂರ್ತಿ ರಜೆ ಇರಲಿ. ಒಂದೇ ಕಾಲು, ಒಂದೇ ಜಾಗದಲ್ಲಿ ನೋವು ಅಂತ ಎರಡನೇ ಸಲ ಹೇಳಿದರೆ ಅಭ್ಯಾಸ ನಿಲ್ಲಿಸಿ, ಮೂಳೆ ವೈದ್ಯರಿಗೆ ತೋರಿಸಿ. ಅವಳ ತೂಕದ ಬಗ್ಗೆ ಯಾವ ಕೋಚ್ ಆದರೂ ಅವಳೆದುರೇ ಮಾತಾಡಿದರೆ, ಆ ಕ್ಲಾಸು ಅವತ್ತೇ ಬಿಡಿಸಿ. ಈ ಆಟದ ಸೀನಿಯರ್ ಅಂಗಳಕ್ಕೆ ಕಾಲಿಡಲು ಅವಳಿಗೆ ಇನ್ನೂ 8 ವರ್ಷ ಇದೆ.