ಗ್ಯಾಸ್ ಖಾಲಿಯಾಗಿಲ್ಲ ಯಜಮಾನರೇ

"ಉಸ್ತಾದರೇ, ಗ್ಯಾಸ್ ಖಾಲಿಯಾಗಿದೆ, ಒಂದಿಷ್ಟು ಹಾಕಿಬಿಡಿ." ಏಪ್ರಿಲ್ ಬಂತೆಂದರೆ ಬಳ್ಳಾರಿಯಲ್ಲಿ ದಿನಕ್ಕೆ ನಾಲ್ಕು ಸಲವಾದರೂ ಈ ಮಾತು ಫ್ರಿಜ್ ರಿಪೇರಿ ಮಾಡುವ ನನ್ನ ಕಿವಿಗೆ ಬೀಳುತ್ತದೆ. ಕಳೆದ ಬೇಸಿಗೆಯಲ್ಲಿ ಕೌಲ್ ಬಜಾರ್ ಕಡೆಯ ಹೋಟೆಲ್ ಯಜಮಾನರೊಬ್ಬರು ಹೇಳಿದ್ದೂ ಇದನ್ನೇ. ಆದರೆ ಅವರು ತೋರಿಸಿದ್ದು ಫ್ರಿಜ್ ಅಲ್ಲ, 1950ರ ದಶಕದ ಅಮೆರಿಕದ ಸೋಡಾ ಯಂತ್ರ. ನಾಣ್ಯ ಹಾಕಿ ಹಿಡಿ ತಿರುಗಿಸಿದರೆ ಗಾಜಿನ ಬಾಟಲಿ ಉರುಳಿ ಬರುತ್ತದೆ. ಹಳೆಯ ಸಾಮಾನು ಮಾರುವವರಿಂದ ಶೋಕಿಗೆಂದು ತಂದು, ಹೋಟೆಲಿನ ಪಡಸಾಲೆಯಲ್ಲಿ ಪಶ್ಚಿಮದ ಗೋಡೆಗೆ ಒತ್ತಿ ನಿಲ್ಲಿಸಿದ್ದರು. ಬಾಟಲಿ ಬರುತ್ತಿತ್ತು, ತಂಪು ಬರುತ್ತಿರಲಿಲ್ಲ.

ಗ್ಯಾಸ್ ಎಂಬ ಹೆಸರೇ ಜನರ ದಾರಿ ತಪ್ಪಿಸಿದೆ. ತಂಪು ಮಾಡಲು ಯಂತ್ರದ ಕೊಳವೆಗಳಲ್ಲಿ ಸುತ್ತುವ ಈ ಗ್ಯಾಸ್ ಸ್ಟವ್ವಿನ ಸೀಮೆಎಣ್ಣೆಯಂತೆ ಉರಿದು ಮುಗಿಯುವುದಿಲ್ಲ. ಬಾವಿಗೆ ಇಳಿಯುವ ಕೊಡದ ಹಾಗೆ, ಒಳಗಿನ ಬಿಸಿಯನ್ನು ತುಂಬಿಕೊಂಡು ಮೇಲೆ ಬಂದು, ಹೊರಗೆ ಚೆಲ್ಲಿ, ಮತ್ತೆ ಇಳಿಯುತ್ತದೆ. ಕೊಡ ಸವೆಯುವುದಿಲ್ಲ. ಗ್ಯಾಸ್ ಕಡಿಮೆಯಾಗಿದೆ ಎಂದರೆ ಎಲ್ಲೋ ಸೋರಿದೆ ಎಂದೇ ಅರ್ಥ. ಸೋರಿದಲ್ಲಿ ಗ್ಯಾಸಿನೊಡನೆ ಸುತ್ತುವ ಯಂತ್ರದ ಎಣ್ಣೆಯೂ ಜಿನುಗಿ ಕಲೆ ಬಿಟ್ಟಿರುತ್ತದೆ. ಈ ಯಂತ್ರದ ತಾಮ್ರದ ಕೊಳವೆಗಳ ಬೆಸುಗೆಗಳನ್ನೆಲ್ಲ ಬಟ್ಟೆಯಿಂದ ಒರೆಸಿ, ಸೋಪಿನ ನೊರೆ ಹಚ್ಚಿ ನೋಡಿದೆ. ಒಣಗಿದ್ದವು, ಗುಳ್ಳೆ ಏಳಲಿಲ್ಲ. ಎಪ್ಪತ್ತು ವರ್ಷ ಯಾರೂ ಕತ್ತರಿಸದ ಕೊಳವೆಯನ್ನು ನಾನು ಕತ್ತರಿಸುವುದೇಕೆ?

ಯಂತ್ರದ ವರ್ತನೆ ಹೀಗಿತ್ತು: ಗ್ಯಾಸನ್ನು ಒತ್ತಿ ತಳ್ಳುವ ಕಂಪ್ರೆಸರ್ ಹತ್ತು ನಿಮಿಷ ಓಡುತ್ತದೆ, 'ಟಕ್' ಎಂದು ನಿಲ್ಲುತ್ತದೆ, ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಏಳಲು ನೋಡುತ್ತದೆ. ಮೇಲಿಂದ ಕೈಯಿಟ್ಟರೆ ಚರ್ಮ ಸುಡುವಷ್ಟು ಬಿಸಿ. ಕೆಳಗಿನ ತಗಡು ಬಿಚ್ಚಿ ಟಾರ್ಚ್ ಬಿಟ್ಟಾಗ ಕಂಡೆನ್ಸರ್ ಕಾಣಲೇ ಇಲ್ಲ. ಪಕ್ಕದಲ್ಲಿ ಜೀನ್ಸ್ ಹೊಲಿಯುವ ಕಾರ್ಖಾನೆ. ಅಲ್ಲಿನ ನೀಲಿ ನೂಲಿನ ತುಪ್ಪಳ, ಅದರ ಮೇಲೆ ಅದಿರಿನ ಕೆಂಪು ಧೂಳು, ನಡುವೆ ಅಡುಗೆಮನೆಯ ಎಣ್ಣೆಯ ಜಿಡ್ಡು. ಮೂರೂ ಸೇರಿ ಕಂಬಳಿಯಂತೆ ಹೊದ್ದುಕೊಂಡಿದ್ದವು. ಒಳಗಿನ ಬಿಸಿಯನ್ನು ಹೊರಗೆ ಚೆಲ್ಲುವ ಜಾಗವೇ ಕಂಬಳಿ ಹೊದ್ದರೆ ಏನಾಗುತ್ತದೆ? ಹೊರಗೆ 42 ಡಿಗ್ರಿ ಇದ್ದಾಗ ಚೊಕ್ಕ ಕಂಡೆನ್ಸರ್ 55 ಡಿಗ್ರಿಯ ಸುತ್ತ ನಿಲ್ಲುತ್ತದೆ. ಆಗ ಒಳಗಿನ ಆರ್-12 ಎಂಬ ಹಳೆಯ ಕಾಲದ ಗ್ಯಾಸಿನ ಒತ್ತಡ ಸುಮಾರು 180 ಪಿಎಸ್‌ಐ. ಅದೇ 70 ಡಿಗ್ರಿಗೆ ಏರಿದರೆ ಒತ್ತಡ 260ರ ಹತ್ತಿರ. ಇಂಥದ್ದರ ಮೇಲೆ ಇನ್ನಷ್ಟು ಗ್ಯಾಸ್ ತುಂಬಿಸುವುದೆಂದರೆ ಏದುಸಿರು ಬಿಡುವವನ ತಲೆಯ ಮೇಲೆ ಮೂಟೆ ಹೊರಿಸಿದಂತೆ.

ಮೆತ್ತನೆಯ ಬ್ರಷ್, ಸೋಪಿನ ನೀರು, ಬ್ಲೋಯರ್. ಅರ್ಧ ದಿನ ಹಿಡಿಯಿತು. ಯಂತ್ರವನ್ನು ಗೋಡೆಯಿಂದ ಒಂದು ಗೇಣು ಈಚೆಗೆ ಎಳೆಸಿದೆ. ಯಜಮಾನರಿಗೆ ಅದು ಹಿಡಿಸಲಿಲ್ಲ, ಫೋಟೋದಲ್ಲಿ ಚೆನ್ನಾಗಿ ಕಾಣುವುದಿಲ್ಲವಂತೆ.

ಇನ್ನೊಂದು ಸಂಕಟ ಕರೆಂಟಿನದು. ಅಮೆರಿಕದ ಮೋಟಾರು 115 ವೋಲ್ಟ್, 60 ಹರ್ಟ್ಸ್‌ಗೆ ಮಾಡಿದ್ದು. ನಮ್ಮದು 230 ವೋಲ್ಟ್, 50 ಹರ್ಟ್ಸ್. ಟ್ರಾನ್ಸ್‌ಫಾರ್ಮರ್ ವೋಲ್ಟೇಜನ್ನು ಇಳಿಸುತ್ತದೆ, ಹರ್ಟ್ಸ್, ಅಂದರೆ ಕರೆಂಟು ಸೆಕೆಂಡಿಗೆ ಎಷ್ಟು ಸಲ ಆವರ್ತಿಸುತ್ತದೆ ಎಂಬುದನ್ನು, ಬದಲಿಸುವುದಿಲ್ಲ. ಹೀಗಾಗಿ ಕಂಪ್ರೆಸರ್ ಆರರಲ್ಲಿ ಐದು ಪಾಲು ವೇಗದಲ್ಲಷ್ಟೇ ತಿರುಗುತ್ತದೆ, ತಂಪೂ ಅಷ್ಟು ಕಡಿಮೆ. 50 ಹರ್ಟ್ಸ್‌ನಲ್ಲಿ ಆ ಮೋಟಾರಿಗೆ 96 ವೋಲ್ಟ್ ಸುತ್ತಮುತ್ತ ಸಾಕು. 115 ಕೊಟ್ಟರೆ ವೃಥಾ ಬಿಸಿಯಾಗುತ್ತದೆ. ಇಲ್ಲಿ ಕಟ್ಟಿದ್ದು ಕೈಯಲ್ಲಿ ಹಿಡಿಯುವಷ್ಟು ಚಿಕ್ಕ, 500 ವಿಎ ತಾಕತ್ತಿನ ಟ್ರಾನ್ಸ್‌ಫಾರ್ಮರ್. ಮೋಟಾರು ಏಳುವ ಕ್ಷಣದಲ್ಲಿ ಓಡುವಾಗಿನ ನಾಲ್ಕೈದು ಪಟ್ಟು ಕರೆಂಟು ಎಳೆಯುತ್ತದೆ. ಸಂಜೆ ಲೈನಿನಲ್ಲಿ 185 ವೋಲ್ಟ್ ಇದ್ದಾಗ ಮೀಟರ್ ಹಿಡಿದೆ. ಏಳುವ ಹೊತ್ತಿಗೆ ಮೋಟಾರಿನ ಕಡೆ 70 ವೋಲ್ಟ್ ಕೂಡ ಉಳಿಯುತ್ತಿರಲಿಲ್ಲ. ಮೊದಲು ಸ್ಟೆಬಿಲೈಸರ್, ಆಮೇಲೆ 100 ವೋಲ್ಟ್ ಕೊಡುವ 2 ಕೆವಿಎ (2,000 ವಿಎ) ಟ್ರಾನ್ಸ್‌ಫಾರ್ಮರ್ ಹಾಕಿಸಿದೆ. ಹಳೆಯ ತಂತಿಗೆ ಅರ್ತಿಂಗ್ ಇರಲಿಲ್ಲ, ಎರಡೇ ಎಳೆ. ಮೈಯೆಲ್ಲ ಕಬ್ಬಿಣ, ಕೆಳಗೆ ನೆಲ ಒರೆಸಿದ ನೀರು, ನಾಣ್ಯ ಹಾಕುವ ಮಕ್ಕಳ ಒದ್ದೆ ಕೈ. ಅರ್ತಿಂಗ್ ಎಳೆಯುವವರೆಗೆ ಯಂತ್ರ ಚಾಲೂ ಮಾಡಲು ಬಿಡುವುದಿಲ್ಲವೆಂದು ಜಗಳವನ್ನೇ ಆಡಿದೆ.

ಒಂದು ವಾರ ಸುಮ್ಮನಿದ್ದರು. ಆಮೇಲೆ ಫೋನ್. "ಈಗಂತೂ ಗ್ಯಾಸೇ ಉಸ್ತಾದರೇ, ಒಳಗೆಲ್ಲ ಹಿಮ ಕಟ್ಟಿದೆ, ಬಾಟಲಿ ಮಾತ್ರ ಬೆಚ್ಚಗೆ." ನಗು ಬಂತು. ತಂಪಿನ ಸುರುಳಿಯ ತುಂಬ ಹಿಮವಿದ್ದರೆ ಗ್ಯಾಸ್ ಇದೆ ಎಂದು ಅದೇ ಸಾಕ್ಷಿ ಹೇಳುತ್ತಿದೆ. ಗ್ಯಾಸ್ ಕಡಿಮೆಯಾದಾಗ ಸುರುಳಿಯ ಆರಂಭದಲ್ಲಿ ನಾಲ್ಕು ಬೆರಳಿನಷ್ಟು ಮಾತ್ರ ಬೆಳ್ಳಗಾಗಿ, ಉಳಿದದ್ದು ಒಣಗಿರುತ್ತದೆ. ಇಲ್ಲಿ ಬಾಗಿಲಿನ ರಬ್ಬರ್ ಕಲ್ಲಿನಂತೆ ಗಟ್ಟಿಯಾಗಿ ಬಿರುಕು ಬಿಟ್ಟಿತ್ತು. ರಾತ್ರಿ ದೀಪ ಆರಿಸಿ, ಒಳಗೆ ಟಾರ್ಚ್ ಇಟ್ಟು ಬಾಗಿಲು ಮುಚ್ಚಿದೆ. ಮೂರು ಕಡೆ ಬೆಳಕು ಇಣುಕಿತು. ಅದೇ ಸಂದಿನಲ್ಲಿ ಹೊರಗಿನ ತೇವದ ಗಾಳಿ ನುಗ್ಗಿ ಹಿಮವಾಗುತ್ತಿತ್ತು. ಒಳಗಿನ ಫ್ಯಾನಿನ ಬುಷ್, ಅಂದರೆ ಅದರ ಅಚ್ಚು ತಿರುಗುವ ಬಳೆ, ಕೂಡ ಹಿಡಿದುಕೊಂಡು ಫ್ಯಾನು ನಿಂತಿತ್ತು. ಒಳಗಿನ ಗಾಳಿ ಸುತ್ತದಿದ್ದರೆ ತಂಪು ಸುರುಳಿಯಲ್ಲೇ ಕುಳಿತಿರುತ್ತದೆ, ಬಾಟಲಿಯ ತನಕ ಬರುವುದಿಲ್ಲ. ಆ ಅಳತೆಯ ರಬ್ಬರ್ ಎಲ್ಲಿ ಸಿಗಬೇಕು? ಹಳೆಯ ಡೀಪ್ ಫ್ರೀಜರಿನದನ್ನು ಕತ್ತರಿಸಿ, ಮೂಲೆಗಳನ್ನು ಅಂಟಿಸಿ ಕೂರಿಸಿದೆ. ನೋಡಲು ಅಂದವಾಗಿಲ್ಲ, ಕೆಲಸ ಮಾಡುತ್ತಿದೆ.

ನಿಜವಾಗಿಯೂ ಸೋರಿದ ಯಂತ್ರಗಳೂ ಬರುತ್ತವೆ. ಅದು ಬೇರೆಯೇ ತಲೆನೋವು. ಓಜೋನ್ ಪದರ ಉಳಿಸುವ ಮಾಂಟ್ರಿಯಲ್ ಒಪ್ಪಂದದಂತೆ ಆರ್-12 ತಯಾರಿಕೆ 2010ರ ಹೊತ್ತಿಗೆ ನಮ್ಮಂಥ ದೇಶಗಳಲ್ಲೂ ನಿಂತಿತು. ಬದಲಿಗೆ ಆರ್-134ಎ ಹಾಕಬಹುದು, ಆದರೆ ಅದು ಹಳೆಯ ಖನಿಜ ಎಣ್ಣೆಯೊಡನೆ ಬೆರೆಯುವುದಿಲ್ಲ. ಎಣ್ಣೆ ಬಸಿದು ಪಿಒಇ ಎಂಬ ಕೃತಕ ಎಣ್ಣೆ ಹಾಕಬೇಕು, ಫಿಲ್ಟರ್ ಬದಲಿಸಬೇಕು, ವ್ಯಾಕ್ಯೂಮ್ ಸರಿಯಾಗಿ ಎಳೆಯಬೇಕು. ಅಡುಗೆ ಅನಿಲದ ಜಾತಿಯ ಹೈಡ್ರೋಕಾರ್ಬನ್ ಗ್ಯಾಸ್ ಹಳೆಯ ಎಣ್ಣೆಗೆ ಒಗ್ಗುತ್ತದೆ ನಿಜ, ಆದರೆ ಬೆಂಕಿ ಹಿಡಿಯುವಂಥದ್ದು. ನಾಣ್ಯದ ಸ್ವಿಚ್ಚುಗಳು ಕಿಡಿ ಹಾರಿಸುವ ಪೆಟ್ಟಿಗೆಯಲ್ಲಿ ನಾನು ಅದನ್ನು ಹಾಕುವುದಿಲ್ಲ.

ಯಜಮಾನರ ಕೊನೆಯ ದೂರು: ಮಧ್ಯಾಹ್ನ ತುಂಬಿದ ಬಾಟಲಿ ಸಂಜೆ ನಾಲ್ಕಕ್ಕೂ ತಣ್ಣಗಾಗಿಲ್ಲ. ಬಿಲ್ಲಿನ ಹಿಂದೆ ಲೆಕ್ಕ ಬರೆದು ತೋರಿಸಿದೆ. 200 ಮಿಲಿಯ 80 ಬಾಟಲಿ ಎಂದರೆ 16 ಲೀಟರ್ ಸೋಡಾ, ಜೊತೆಗೆ 28 ಕಿಲೋದಷ್ಟು ಗಾಜು. 38 ಡಿಗ್ರಿಯಿಂದ 4ಕ್ಕೆ ಇಳಿಸಲು ಸುಮಾರು 3,000 ಕಿಲೋಜೂಲ್ ಬಿಸಿಯನ್ನು ಹೊರಹಾಕಬೇಕು. ಪೆಟ್ಟಿಗೆಯ ಗೋಡೆಯಿಂದ ಒಳಬರುವ ಬಿಸಿಯನ್ನು ಕಳೆದು ಯಂತ್ರದ ತಂಪು ಮಾಡುವ ಶಕ್ತಿ 150 ವ್ಯಾಟ್‌ನಷ್ಟು ಉಳಿದರೂ ಐದೂವರೆ ಗಂಟೆಯ ಕೆಲಸ. ಅವರು ಲೆಕ್ಕವನ್ನು ಎರಡು ಸಲ ನೋಡಿ, ಚೀಟಿಯನ್ನು ಗಲ್ಲಾಪೆಟ್ಟಿಗೆಯಲ್ಲಿ ಹಾಕಿಕೊಂಡರು. ಈಗ ರಾತ್ರಿ ಶಟರ್ ಎಳೆಯುವ ಮೊದಲು ಹುಡುಗ ಬಾಟಲಿ ತುಂಬುತ್ತಾನೆ.