ಓದುಗರ ಪ್ರಶ್ನೆ: ಡೇಟಾಬೇಸ್‌ನ ಟೇಬಲ್, ಕಾಲಂಗಳಿಗೆ ಹೆಸರಿಡುವುದು ಹೇಗೆ?

ಪ್ರಶ್ನೆ: ಹೊಸ ಪ್ರಾಜೆಕ್ಟ್‌ಗೆ ಪೋಸ್ಟ್‌ಗ್ರೆಸ್ ಡೇಟಾಬೇಸ್‌ನಲ್ಲಿ ಟೇಬಲ್‌ಗಳನ್ನು ಮಾಡುತ್ತಿದ್ದೇವೆ. ಜಾವಾಸ್ಕ್ರಿಪ್ಟ್ ಬರೆಯುವವರು ಕಾಲಂ ಹೆಸರುಗಳೂ ಕ್ಯಾಮೆಲ್ ಕೇಸ್‌ನಲ್ಲೇ (ಪದಗಳನ್ನು ಅಂಟಿಸಿ, ಎರಡನೆಯ ಪದದಿಂದ ಮೊದಲಕ್ಷರ ದೊಡ್ಡದು) ಇರಲಿ ಅನ್ನುತ್ತಾರೆ. ಉಳಿದವರಿಗೆ ಅಂಡರ್‌ಸ್ಕೋರ್ ಬೇಕು. ಇದು ಬರೀ ರುಚಿಯ ಪ್ರಶ್ನೆಯೇ, ನಿಜವಾಗಿ ವ್ಯತ್ಯಾಸ ಇದೆಯೇ?

ಉತ್ತರ: ಕೋಡ್‌ನಲ್ಲಾದರೆ ಬಹುಮಟ್ಟಿಗೆ ರುಚಿಯ ಪ್ರಶ್ನೆ. ಡೇಟಾಬೇಸ್‌ನಲ್ಲಿ ಹಾಗಲ್ಲ. ಕೋಡ್‌ನ ಹೆಸರನ್ನು ಎಡಿಟರ್‌ನಲ್ಲಿ ಒಂದೇ ಸಲಕ್ಕೆ ಬದಲಿಸಬಹುದು. ಕಾಲಂ ಹೆಸರು ಮಾತ್ರ ರಿಪೋರ್ಟ್, ಬ್ಯಾಕಪ್ ಸ್ಕ್ರಿಪ್ಟ್, ಅಕೌಂಟ್ಸ್ ವಿಭಾಗದವರ ಎಕ್ಸೆಲ್ ಶೀಟ್ ಎಂದು ನಿಮ್ಮ ಕಣ್ಣಿಗೆ ಬೀಳದ ಕಡೆಗಳಲ್ಲೆಲ್ಲ ಬೇರು ಬಿಟ್ಟಿರುತ್ತದೆ. ಹಾಗಾಗಿ ಇಲ್ಲಿ ಹೆಸರಿಡುವಾಗ ಕೇಳಬೇಕಾದ ಮೊದಲ ಪ್ರಶ್ನೆ ‘ಚೆನ್ನಾಗಿ ಕಾಣುತ್ತದೆಯೇ’ ಎಂಬುದಲ್ಲ. ‘ಡೇಟಾಬೇಸ್ ಇದನ್ನು ತಿರುಚದೆ ಹಾಗೇ ಇಟ್ಟುಕೊಳ್ಳುತ್ತದೆಯೇ’ ಎಂಬುದು. (ಕೆಳಗಿನ ಹೆಸರುಗಳನ್ನು ಓದಲೆಂದು ಕನ್ನಡ ಲಿಪಿಯಲ್ಲಿ ಕೊಟ್ಟಿದ್ದೇವೆ; ಟೈಪ್ ಮಾಡುವಾಗ ಇಂಗ್ಲಿಷ್ ಅಕ್ಷರಗಳೇ.)

ಕ್ಯಾಮೆಲ್ ಕೇಸ್ ಎಡವುವುದು ಇಲ್ಲೇ. ಡಬಲ್ ಕೋಟ್ ಇಲ್ಲದೆ ಬರೆದ ಯಾವ ಹೆಸರನ್ನಾದರೂ ಪೋಸ್ಟ್‌ಗ್ರೆಸ್ ಪೂರ್ತಿ ಸಣ್ಣಕ್ಷರಕ್ಕೆ ಇಳಿಸುತ್ತದೆ. ‘ಕಸ್ಟಮರ್‌ಐಡಿ’ಯಲ್ಲಿ ‘ಐ’ ದೊಡ್ಡಕ್ಷರ ಎಂದುಕೊಂಡು ಕೋಟ್ ಇಲ್ಲದೆ ಟೇಬಲ್ ಮಾಡಿದರೆ ಎಲ್ಲವೂ ಸರಿಯಿದ್ದಂತೆ ಕಾಣುತ್ತದೆ, ಕ್ವೆರಿಯೂ ಓಡುತ್ತದೆ. ಆದರೆ ಉತ್ತರದಲ್ಲಿ ಬರುವ ಕೀ ಪೂರ್ತಿ ಸಣ್ಣಕ್ಷರದ್ದು. ಜಾವಾಸ್ಕ್ರಿಪ್ಟ್ ದೊಡ್ಡಕ್ಷರದ ಕೀ ಹುಡುಕಿ, ಸಿಗದೆ, ಯಾವ ಎರರ್ ಕೂಡ ತೋರಿಸದೆ ‘ಅನ್‌ಡಿಫೈನ್ಡ್’ ಕೊಡುತ್ತದೆ. ಕೋಟ್ ಹಾಕಿ ಮಾಡಿದರೆ ದೊಡ್ಡಕ್ಷರ ಉಳಿಯುತ್ತದೆ ನಿಜ, ಆದರೆ ಅಂದಿನಿಂದ ಆ ಟೇಬಲ್ ಮುಟ್ಟುವವರೆಲ್ಲ ಪ್ರತಿ ಸಲವೂ ಕೋಟ್ ಹಾಕಲೇಬೇಕು. ರಾತ್ರಿ ಹತ್ತಕ್ಕೆ ಪಿಎಸ್‌ಕ್ಯೂಎಲ್ (ಪೋಸ್ಟ್‌ಗ್ರೆಸ್‌ಗೆ ನೇರವಾಗಿ ಕ್ವೆರಿ ಬರೆಯುವ ಟೂಲ್) ತೆರೆದು ತುರ್ತಾಗಿ ಏನೋ ನೋಡಲು ಹೊರಟವರಿಗೆ ‘ಕಾಲಂ ಡಸ್ ನಾಟ್ ಎಕ್ಸಿಸ್ಟ್’ ಎಂಬ ಉತ್ತರ ಸಿಗುತ್ತದೆ.

ಒರಾಕಲ್ ಇದಕ್ಕೆ ತದ್ವಿರುದ್ಧ: ಕೋಟ್ ಇಲ್ಲದ ಹೆಸರನ್ನು ದೊಡ್ಡಕ್ಷರಕ್ಕೆ ಏರಿಸುತ್ತದೆ. ಡೇಟಾಬೇಸ್‌ಗಳ ಕ್ವೆರಿ ಭಾಷೆಯಾದ ಎಸ್‌ಕ್ಯೂಎಲ್‌ನ ಸ್ಟ್ಯಾಂಡರ್ಡ್ ಹೇಳುವುದೂ ಅದನ್ನೇ. ಮೈಎಸ್‌ಕ್ಯೂಎಲ್‌ನದು ಇನ್ನೊಂದು ರಗಳೆ. ಅಲ್ಲಿ ಕಾಲಂ ಹೆಸರಿಗೆ ದೊಡ್ಡಕ್ಷರ-ಸಣ್ಣಕ್ಷರದ ಭೇದವಿಲ್ಲ, ಟೇಬಲ್ ಹೆಸರಿಗೆ ಮಾತ್ರ ಆಪರೇಟಿಂಗ್ ಸಿಸ್ಟಂ ನೋಡಿಕೊಂಡು ಭೇದ ಬರುತ್ತದೆ. ಡಿಫಾಲ್ಟ್ ಸೆಟ್ಟಿಂಗ್‌ನಲ್ಲಿ ವಿಂಡೋಸ್ ಲ್ಯಾಪ್‌ಟಾಪ್‌ನಲ್ಲಿ ಓಡಿದ ಕ್ವೆರಿ ಲಿನಕ್ಸ್ ಸರ್ವರ್‌ನಲ್ಲಿ ‘ಟೇಬಲ್ ಇಲ್ಲ’ ಎಂದು 1146ನೇ ಎರರ್ ಎಸೆಯಬಹುದು. ಮೈಎಸ್‌ಕ್ಯೂಎಲ್ 8.0ರಿಂದ ಆ ಸೆಟ್ಟಿಂಗನ್ನು ಸರ್ವರ್ ಮೊದಲ ಸಲ ಸಿದ್ಧಪಡಿಸುವಾಗ ಬಿಟ್ಟು ಆಮೇಲೆ ಬದಲಿಸಲೂ ಆಗುವುದಿಲ್ಲ. ಈ ಎಲ್ಲ ಕಡೆಯೂ ತಂಟೆಯಿಲ್ಲದೆ ನಡೆಯುವುದು ಸಣ್ಣಕ್ಷರ ಮತ್ತು ಅಂಡರ್‌ಸ್ಕೋರ್: ‘ಕಸ್ಟಮರ್_ಐಡಿ’. ಕೋಡ್‌ನಲ್ಲಿ ಕ್ಯಾಮೆಲ್ ಕೇಸ್ ಬೇಕೆನ್ನುವವರು ಇಟ್ಟುಕೊಳ್ಳಲಿ, ನಡುವಿನ ಲೈಬ್ರರಿ ಪರಿವರ್ತನೆ ಮಾಡಿಕೊಳ್ಳುತ್ತದೆ. ಸ್ಪ್ರಿಂಗ್ ಬೂಟ್‌ನಲ್ಲಿ ಅದೇ ಡಿಫಾಲ್ಟ್. ಸೀಕ್ವೆಲೈಸ್‌ನಲ್ಲಿ ‘ಅಂಡರ್‌ಸ್ಕೋರ್ಡ್’ ಆಯ್ಕೆ, ಪ್ರಿಸ್ಮಾದಲ್ಲಿ ‘ಮ್ಯಾಪ್’.

ಇನ್ನು ಮೀಸಲು ಪದಗಳು, ಅಂದರೆ ಎಸ್‌ಕ್ಯೂಎಲ್ ತನ್ನ ಬಳಕೆಗೆ ಇಟ್ಟುಕೊಂಡಿರುವ ಪದಗಳು. ‘ಆರ್ಡರ್’, ‘ಗ್ರೂಪ್’ ಎಂದು ಟೇಬಲ್ ಮಾಡಹೊರಟರೆ ಸಿಂಟ್ಯಾಕ್ಸ್ ಎರರ್ ಕೂಡಲೇ ಬರುತ್ತದೆ, ಅಪಾಯವಿಲ್ಲ. ‘ಯೂಸರ್’ ಹಾಗಲ್ಲ. ಕೋಟ್ ಹಾಕಿ ಆ ಹೆಸರಿನ ಟೇಬಲ್ ಮಾಡಿ, ಆಮೇಲೆ ಕೋಟ್ ಮರೆತು ‘ಸೆಲೆಕ್ಟ್ ಸ್ಟಾರ್ ಫ್ರಮ್ ಯೂಸರ್’ ಎಂದರೆ ಪೋಸ್ಟ್‌ಗ್ರೆಸ್ ಎರರ್ ಕೊಡುವುದಿಲ್ಲ. ಒಂದೇ ಸಾಲು ಕೊಡುತ್ತದೆ, ಅದರಲ್ಲಿ ಡೇಟಾಬೇಸ್‌ಗೆ ನೀವು ಲಾಗಿನ್ ಆಗಿರುವ ಹೆಸರು. ಸಾವಿರಾರು ಗ್ರಾಹಕರಿರುವ ಟೇಬಲ್‌ನಲ್ಲಿ ಒಂದೇ ಸಾಲು ಕಂಡರೆ ಎದೆ ಧಸಕ್ಕೆನ್ನುತ್ತದೆ. ಟೇಬಲ್‌ಗೆ ಬಹುವಚನ ಇಡುವುದರ ಪರ ಇರುವ ಗಟ್ಟಿ ವಾದ ಇದೇ: ‘ಯೂಸರ್ಸ್’, ‘ಆರ್ಡರ್ಸ್’ ಮೀಸಲು ಪದಗಳಲ್ಲ. ಉಳಿದಂತೆ ಏಕವಚನವೋ ಬಹುವಚನವೋ ಎಂಬ ಜಗಳಕ್ಕೆ ಹತ್ತು ನಿಮಿಷಕ್ಕಿಂತ ಹೆಚ್ಚು ಕೊಡಬೇಡಿ. ನಿಮ್ಮ ಆವೃತ್ತಿಯ ಮೀಸಲು ಪದಗಳ ಪಟ್ಟಿ ‘ಪಿಜಿ_ಗೆಟ್_ಕೀವರ್ಡ್ಸ್’ ಎಂಬ ಫಂಕ್ಷನ್‌ನಲ್ಲಿ ಸಿಗುತ್ತದೆ.

ಉದ್ದಕ್ಕೂ ಮಿತಿಯಿದೆ. ಪೋಸ್ಟ್‌ಗ್ರೆಸ್‌ನಲ್ಲಿ ಹೆಸರು 63 ಬೈಟ್ ಮೀರಿದರೆ ಬಾಲ ಕತ್ತರಿಸಿ ಒಂದು ‘ನೋಟಿಸ್’ ಮಾತ್ರ ತೋರಿಸುತ್ತದೆ. ಅದನ್ನು ಮೈಗ್ರೇಷನ್ (ಟೇಬಲ್‌ನ ರಚನೆ ಬದಲಿಸುವ ಸ್ಕ್ರಿಪ್ಟ್) ಲಾಗ್‌ನಲ್ಲಿ ಯಾರೂ ಓದುವುದಿಲ್ಲ. ಮೊದಲ 63 ಬೈಟ್ ಒಂದೇ ಆಗಿರುವ ಎರಡು ಇಂಡೆಕ್ಸ್ ಹೆಸರುಗಳಿದ್ದರೆ ಎರಡನೆಯದು ‘ಆಗಲೇ ಇದೆ’ ಎಂದು ನಿಂತುಬಿಡುತ್ತದೆ. ಕನ್ನಡ ಲಿಪಿಯಲ್ಲೇ ಕಾಲಂ ಹೆಸರಿಡಬಹುದೇ ಎಂದರೆ, ಇಡಬಹುದು. ಆದರೆ ಯುಟಿಎಫ್-8ರಲ್ಲಿ ಕನ್ನಡದ ಪ್ರತಿ ಯೂನಿಕೋಡ್ ಸಂಕೇತಕ್ಕೆ 3 ಬೈಟ್ ಬೇಕು. ಒತ್ತು, ಕಾಗುಣಿತದ ಚಿಹ್ನೆಗಳೆಲ್ಲ ಪ್ರತ್ಯೇಕ ಲೆಕ್ಕವಾದ್ದರಿಂದ ‘ಗ್ರಾಹಕ’ ಒಂದಕ್ಕೇ 18 ಬೈಟ್ ಖರ್ಚು. ಜೊತೆಗೆ ಕೆಲವು ಪದಗಳ ಮಧ್ಯೆ ಕಣ್ಣಿಗೆ ಕಾಣದ ಜಂಟಿ-ತಡೆ ಸಂಕೇತ (ಜೀರೋ ವಿಡ್ತ್ ನಾನ್-ಜಾಯಿನರ್) ಸೇರಿರುತ್ತದೆ. ಅದಿದ್ದದ್ದು ಒಂದು ಹೆಸರು, ಇಲ್ಲದ್ದು ಇನ್ನೊಂದು. ಕೆಲವೊಮ್ಮೆ ತೆರೆಯ ಮೇಲೆ ಎರಡೂ ಒಂದೇ. ಕನ್ನಡವನ್ನು ಡೇಟಾದಲ್ಲಿ ಧಾರಾಳವಾಗಿ ಬಳಸಿ, ಕಾಲಂ ಹೆಸರಿಗೆ ಬೇಡ.

ಈವರೆಗಿನದು ಅಕ್ಷರದ ಮಾತು. ಹಣ ಕಳೆಯುವುದು ಅರ್ಥದ ಎಡವಟ್ಟಿನಲ್ಲಿ. ‘ಅಮೌಂಟ್’ ಎಂಬ ಕಾಲಂನಲ್ಲಿ 50000 ಇದೆ ಎಂದುಕೊಳ್ಳಿ. ಅದು ಐವತ್ತು ಸಾವಿರ ರೂಪಾಯಿಯೇ, ಐನೂರೇ? ರೇಜರ್‌ಪೇ ಎಪಿಐ ಮೊತ್ತವನ್ನು ಪೈಸೆಯಲ್ಲಿ ಕೇಳುತ್ತದೆ, ನಿಮ್ಮ ಇನ್ವಾಯ್ಸ್ ಟೇಬಲ್ ರೂಪಾಯಿಯಲ್ಲಿ ಇರಬಹುದು. ‘ಅಮೌಂಟ್_ಪೈಸೆ’ ಎಂದು ಬರೆದಿದ್ದರೆ ರೂಪಾಯಿಯ ಜೊತೆ ಕೂಡಿಸುವಾಗ ಯಾರಿಗಾದರೂ ಕೈ ತಡೆಯುತ್ತದೆ. ತೂಕಕ್ಕೆ ‘_ಗ್ರಾಂ’, ಕಾಲಾವಧಿಗೆ ‘_ಸೆಕೆಂಡ್ಸ್’ ಅಥವಾ ‘_ಎಂಎಸ್’ ಬಾಲ ಹಚ್ಚಿ. ನಿರ್ದಿಷ್ಟ ಕ್ಷಣವಾದರೆ ‘_ಅಟ್’, ಬರೀ ತಾರೀಖಾದರೆ ‘_ಡೇಟ್’. ‘_ಅಟ್’ ಎಂದು ಮುಗಿಯುವ ಕಾಲಂಗಳೆಲ್ಲ ಟೈಮ್‌ಜೋನ್ ಇರುವ ಟೈಮ್‌ಸ್ಟ್ಯಾಂಪ್ ಆಗಿರಲಿ. ಇಲ್ಲವಾದರೆ ಯುಟಿಸಿ ಮತ್ತು ನಮ್ಮ ಸಮಯದ ನಡುವಿನ ಐದೂವರೆ ಗಂಟೆ ಯಾವುದೋ ತಿಂಗಳ ಕೊನೆಯ ರಿಪೋರ್ಟ್‌ನಲ್ಲಿ ಬಂದು ಕಾಡುತ್ತದೆ.

ಬೂಲಿಯನ್‌ಗೆ (ಹೌದು/ಅಲ್ಲ ಎಂಬ ಕಾಲಂಗೆ) ‘ಈಸ್_ಆಕ್ಟಿವ್’ ಸರಿ, ‘ಈಸ್_ನಾಟ್_ವೆರಿಫೈಡ್’ ಬೇಡ. ಅದು ಫಾಲ್ಸ್ ಆದಾಗ ಅರ್ಥ ಮಾಡಿಕೊಳ್ಳಲು ಎರಡು ಸಲ ತಲೆ ತಿರುಗಿಸಬೇಕು. ಹೆಸರಿನ ಮೊದಲಿಗೆ ‘ಟಿಬಿಎಲ್_’ ಸೇರಿಸುವುದೂ ಬೇಡ, ನಾಳೆ ಆ ಟೇಬಲ್ ವ್ಯೂ (ಟೇಬಲ್‌ನಂತೆ ಬಳಸಬಹುದಾದ, ಹೆಸರಿಟ್ಟ ಕ್ವೆರಿ) ಆದರೆ ಹೆಸರೇ ಸುಳ್ಳಾಗುತ್ತದೆ.

ನಮ್ಮ ಕಡೆಯ ಮಾಹಿತಿಗೆ ಎರಡು ಎಚ್ಚರಿಕೆ. ‘ಫಸ್ಟ್_ನೇಮ್’, ‘ಲಾಸ್ಟ್_ನೇಮ್’ ಎಂದು ಎರಡು ಕಡ್ಡಾಯ ಕಾಲಂ ಇಟ್ಟರೆ ಮನೆತನದ ಹೆಸರಿಲ್ಲದೆ ಇನಿಶಿಯಲ್ ಮಾತ್ರ ಇರುವವರು ಚುಕ್ಕೆಯನ್ನೋ, ಹೆಸರನ್ನೇ ಎರಡು ಸಲವೋ ತುಂಬುತ್ತಾರೆ. ‘ಫುಲ್_ನೇಮ್’ ಒಂದೇ ಸಾಕು. ಪಹಣಿಯ ಸರ್ವೆ ನಂಬರನ್ನು ‘ಸರ್ವೆ_ನಂಬರ್’ ಎಂದು ಕರೆದ ಕೂಡಲೇ ಯಾರೋ ಅದನ್ನು ಇಂಟಿಜರ್ ಮಾಡುತ್ತಾರೆ, ಆಮೇಲೆ ‘12/2ಬಿ’ ಎಂಬ ಹಿಸ್ಸಾ ಬಂದು ನಿಲ್ಲುತ್ತದೆ. ‘ಸರ್ವೆ_ಕೋಡ್’ ಎನ್ನಿ, ಟೈಪ್ ಟೆಕ್ಸ್ಟ್ ಇರಲಿ. ಹೋಬಳಿ, ತಾಲ್ಲೂಕು, ಖಾತೆಯಂಥ ಪದಗಳನ್ನು ಅನುವಾದ ಮಾಡಲು ಹೋಗದೆ ಹಾಗೇ ಇಡಿ, ಆದರೆ ಇಂಗ್ಲಿಷ್ ಸ್ಪೆಲ್ಲಿಂಗ್ ಒಂದೇ ಎಂದು ಮೊದಲ ದಿನವೇ ಒಂದು ಫೈಲ್‌ನಲ್ಲಿ ಬರೆದಿಡಿ. ತಾಲ್ಲೂಕಿಗೆ ಮೂರು ಟೇಬಲ್‌ನಲ್ಲಿ ಮೂರು ಸ್ಪೆಲ್ಲಿಂಗ್ ಆಗುವುದು ಅಪರೂಪವೇನಲ್ಲ.

ಒಂದು ಅಪಾಯವನ್ನು ಬಿಡಿಸಿ ಹೇಳಲೇಬೇಕು. ಪ್ರೈಮರಿ ಕೀ (ಪ್ರತಿ ಸಾಲನ್ನು ಗುರುತಿಸುವ ಕಾಲಂ) ಬರೀ ‘ಐಡಿ’ ಇರಲೋ, ‘ಕಸ್ಟಮರ್_ಐಡಿ’ ಇರಲೋ? ‘ಟೆಂಪ್_ಲಿಸ್ಟ್’ ಎಂಬ ತಾತ್ಕಾಲಿಕ ಟೇಬಲ್‌ನಲ್ಲಿ ಗ್ರಾಹಕರ ಐಡಿಗಳಿವೆ, ಕಾಲಂ ಹೆಸರು ‘ಐಡಿ’. ಅದನ್ನು ಮರೆತು ಹೀಗೆ ಬರೆದಿರಿ: ಡಿಲೀಟ್ ಫ್ರಮ್ ಆರ್ಡರ್ಸ್ ವೇರ್ ಕಸ್ಟಮರ್_ಐಡಿ ಇನ್ (ಸೆಲೆಕ್ಟ್ ಕಸ್ಟಮರ್_ಐಡಿ ಫ್ರಮ್ ಟೆಂಪ್_ಲಿಸ್ಟ್). ಒಳಗಿನ ಟೇಬಲ್‌ನಲ್ಲಿ ಆ ಹೆಸರಿಲ್ಲ, ಆದ್ದರಿಂದ ಎರರ್ ಬರಬೇಕು ಎಂದುಕೊಳ್ಳುತ್ತೀರಿ. ಬರುವುದಿಲ್ಲ. ಒಳಗೆ ಸಿಗದ ಹೆಸರನ್ನು ಡೇಟಾಬೇಸ್ ಹೊರಗಿನ ಟೇಬಲ್‌ನಲ್ಲಿ ಹುಡುಕುತ್ತದೆ, ‘ಆರ್ಡರ್ಸ್’ನಲ್ಲಿ ಸಿಗುತ್ತದೆ. ಆಗ ಪ್ರತಿ ಸಾಲನ್ನೂ ಅದರೊಂದಿಗೇ ಹೋಲಿಸಿದಂತಾಯಿತು. ‘ಟೆಂಪ್_ಲಿಸ್ಟ್’ನಲ್ಲಿ ಒಂದು ಸಾಲಿದ್ದರೂ ಸಾಕು, ಕಸ್ಟಮರ್_ಐಡಿ ಇರುವ ಆರ್ಡರ್‌ಗಳೆಲ್ಲ ಅಳಿಸಿಹೋಗುತ್ತವೆ. ಇದು ಬಗ್ ಅಲ್ಲ, ಸ್ಟ್ಯಾಂಡರ್ಡ್ ನಡವಳಿಕೆ. ಪರಿಹಾರ ಎರಡು: ಒಂದೇ ಸಂಗತಿಗೆ ಎಲ್ಲ ಟೇಬಲ್‌ಗಳಲ್ಲೂ ಒಂದೇ ಹೆಸರು, ಮತ್ತು ಸಬ್‌ಕ್ವೆರಿಯಲ್ಲಿ (ಒಳಗಿನ ಕ್ವೆರಿಯಲ್ಲಿ) ಪ್ರತಿ ಕಾಲಂ ಹೆಸರಿಗೆ ಮೊದಲು ಟೇಬಲ್‌ನ ಅಲಿಯಾಸ್, ಅಂದರೆ ಚುಟುಕು ಹೆಸರು. ‘ಟಿ.ಕಸ್ಟಮರ್_ಐಡಿ’ ಎಂದು ಬರೆದಿದ್ದರೆ ಎರರ್ ಖಂಡಿತ ಬರುತ್ತಿತ್ತು. ನಮ್ಮ ಒಲವು ‘ಕಸ್ಟಮರ್_ಐಡಿ’ಯ ಕಡೆಗೆ. ಎಲ್ಲ ಟೇಬಲ್‌ನಲ್ಲೂ ಬರೀ ‘ಐಡಿ’ ಇದ್ದರೆ ಗ್ರಾಹಕರ ಐಡಿಯನ್ನು ಆರ್ಡರ್‌ನ ಐಡಿಗೆ ಹೊಂದಿಸುವ ‘ಸಿ.ಐಡಿ = ಓ.ಐಡಿ’ ಎಂಬ ತಪ್ಪು ಜಾಯಿನ್ ಕೂಡ ತಕರಾರಿಲ್ಲದೆ ಓಡಿ ತಪ್ಪು ಲೆಕ್ಕ ಕೊಡುತ್ತದೆ. ರೈಲ್ಸ್, ಜ್ಯಾಂಗೋ ಫ್ರೇಮ್‌ವರ್ಕ್ ಬಳಸುವವರಿಗೆ ‘ಐಡಿ’ಯೇ ಡಿಫಾಲ್ಟ್, ಅದರ ವಿರುದ್ಧ ಈಜುವುದು ಬೇಡ, ಅಲಿಯಾಸ್ ನಿಯಮವನ್ನು ಮಾತ್ರ ಬಿಡಬೇಡಿ.

ಆಗಲೇ ಕ್ಯಾಮೆಲ್ ಕೇಸ್‌ನಲ್ಲಿ ಟೇಬಲ್ ಮಾಡಿಬಿಟ್ಟಿದ್ದರೆ, ‘ಇನ್ಫರ್ಮೇಷನ್_ಸ್ಕೀಮಾ.ಕಾಲಮ್ಸ್’ನಲ್ಲಿ ಹೆಸರು ಅದರದೇ ಸಣ್ಣಕ್ಷರ ರೂಪಕ್ಕೆ ಸಮನಾಗಿರದ ಸಾಲುಗಳನ್ನು ಹುಡುಕಿ ಪಟ್ಟಿ ಮಾಡಿಕೊಳ್ಳಿ. ಪೋಸ್ಟ್‌ಗ್ರೆಸ್‌ನಲ್ಲಿ ‘ರೀನೇಮ್’ ಡೇಟಾವನ್ನು ಮುಟ್ಟುವುದಿಲ್ಲವಾದ್ದರಿಂದ ಕ್ಷಣದಲ್ಲಿ ಮುಗಿಯುತ್ತದೆ, ಆದರೆ ಟೇಬಲ್‌ನ ಪೂರ್ಣ ಲಾಕ್ ಬೇಕು. ಮೊದಲೇ ‘ಲಾಕ್_ಟೈಮ್‌ಔಟ್’ (ಲಾಕ್‌ಗಾಗಿ ಕಾಯುವ ಮಿತಿ) 2 ಸೆಕೆಂಡ್‌ಗೆ ಇಡಿ. ಉದ್ದದ ಕ್ವೆರಿಯೊಂದರ ಹಿಂದೆ ಇದು ಕಾಯುತ್ತ ನಿಂತರೆ ಇದರ ಹಿಂದೆ ಉಳಿದೆಲ್ಲವೂ ಸಾಲುಗಟ್ಟುತ್ತವೆ. ಒಂದೇ ಟ್ರಾನ್ಸಾಕ್ಷನ್‌ನಲ್ಲಿ ಟೇಬಲ್‌ನ ಮತ್ತು ಕಾಲಂಗಳ ಹೆಸರು ಬದಲಿಸಿ, ಹಳೆಯ ಹೆಸರುಗಳಲ್ಲೇ ಒಂದು ಸರಳ ವ್ಯೂ ಮಾಡಿ ಕಮಿಟ್ ಮಾಡಿ. ಹಳೆಯ ಕೋಡ್ ಆ ವ್ಯೂ ಮೂಲಕ ಓದುತ್ತದೆ, ಬರೆಯುತ್ತದೆ, 9.3ನೇ ಆವೃತ್ತಿಯಿಂದ ಇಂಥ ವ್ಯೂಗಳಿಗೆ ನೇರವಾಗಿ ಇನ್ಸರ್ಟ್, ಅಪ್‌ಡೇಟ್ ಮಾಡಬಹುದು. ಮೊದಲೇ ಇದ್ದ ಬೇರೆ ವ್ಯೂಗಳು ತಾವಾಗಿ ಹೊಂದಿಕೊಳ್ಳುತ್ತವೆ. ಪಿಎಲ್/ಪಿಜಿಎಸ್‌ಕ್ಯೂಎಲ್‌ನಲ್ಲಿ (ಪೋಸ್ಟ್‌ಗ್ರೆಸ್ ಒಳಗೇ ಓಡುವ ಭಾಷೆ) ಬರೆದ ಫಂಕ್ಷನ್‌ಗಳ ಒಳಗಿನ ಹೆಸರು ಮಾತ್ರ ಬರೀ ಪಠ್ಯವಾಗಿರುವುದರಿಂದ ಬದಲಾಗುವುದಿಲ್ಲ. ಅವನ್ನು ಮೊದಲೇ ಹುಡುಕಿ ತಿದ್ದಿ, ಹಳೆಯ ವ್ಯೂ ಹೆಸರು ಕ್ವೆರಿ ಲಾಗ್‌ನಲ್ಲಿ ಒಂದು ತಿಂಗಳು, ತಿಂಗಳ ಕೊನೆಯ ರಿಪೋರ್ಟ್‌ಗಳೂ ಸೇರಿ, ಕಾಣದಿದ್ದ ಮೇಲೆ ಅದನ್ನು ತೆಗೆಯಿರಿ.