ಹೊಟ್ಟೆ ಬರಿಸದ ಬಿಯರ್ ಯಾವುದು?

ಬಳ್ಳಾರಿಗೆ ಎರಡೇ ಕಾಲ, ಬೇಸಿಗೆ ಮತ್ತು ಕಡುಬೇಸಿಗೆ ಎಂದು ನಮ್ಮ ಊರಿನವರೇ ತಮಾಷೆ ಮಾಡುತ್ತಾರೆ. ಉಷ್ಣಾಂಶ 40 ಡಿಗ್ರಿ ದಾಟುವ ಮೇ ತಿಂಗಳಲ್ಲಿ ಅದು ತಮಾಷೆಯಾಗಿ ಉಳಿಯುವುದಿಲ್ಲ. ಆಗ ವ್ಯಾಯಾಮಕ್ಕೆಂದು ಸಿಗುವುದು ಬೆಳಗಿನ ಒಂದು ಒಂದೂವರೆ ಗಂಟೆ ಅಷ್ಟೇ. ಕೋಟೆ ಗುಡ್ಡದ ಬುಡದ ರಸ್ತೆಯಲ್ಲಿ ನಡೆಯುವ, ಆಗಾಗ ಓಡುವ ನಮ್ಮ ಗುಂಪಿನಲ್ಲಿ ಒಬ್ಬ ಗುತ್ತಿಗೆದಾರರಿದ್ದಾರೆ. ಬೆಳಗಿನ ಓಟ ತಪ್ಪಿಸುವವರಲ್ಲ; ಶನಿವಾರ ಸಂಜೆಯ ಬಾಟಲಿಯನ್ನೂ ತಪ್ಪಿಸುವವರಲ್ಲ. ನಾನು ರಸಾಯನಶಾಸ್ತ್ರ ಕಲಿಸುವವನೆಂದು ತಿಳಿದ ದಿನದಿಂದ ಅವರದು ಒಂದೇ ಪ್ರಶ್ನೆ: “ಮೇಷ್ಟ್ರೇ, ರುಚಿಯೂ ಇರಬೇಕು, ಹೊಟ್ಟೆಯೂ ಬರಬಾರದು. ಅಂಥ ಬಿಯರ್ ಯಾವುದು ಹೇಳಿ.”

ಅವರ ಮನಸ್ಸಿನಲ್ಲಿ ಆಗಲೇ ಒಂದು ಉತ್ತರವಿತ್ತು. ಕಪ್ಪು ಬಿಯರ್ ಭಾರ, ಹಳದಿ ಬಿಯರ್ ಹಗುರ. ಈ ನಂಬಿಕೆ ಅವರೊಬ್ಬರದಲ್ಲ. ಬೆಂಗಳೂರಿನ ಬ್ರೂಯರಿಗಳಲ್ಲಿ ಬಣ್ಣ ನೋಡಿ ಲೋಟ ಆರಿಸುವವರನ್ನು ನಾನೇ ಕಂಡಿದ್ದೇನೆ. ಆದರೆ ಬಣ್ಣಕ್ಕೂ ಕ್ಯಾಲರಿಗೂ ನಂಟು ಬಹಳ ದೂರದ್ದು. ಐರ್ಲೆಂಡಿನ ಗಿನ್ನೆಸ್ ಕಾಡಿಗೆಯಷ್ಟು ಕಪ್ಪು, ಮೇಲೆ ಕೆನೆಯಂಥ ನೊರೆ. ಅದರ ಡ್ರಾಫ್ಟ್ ಬಗೆಯಲ್ಲಿ ಆಲ್ಕೋಹಾಲ್ ಶೇ 4.2, 355 ಮಿಲಿಲೀಟರ್‌ಗೆ ಸುಮಾರು 125 ಕ್ಯಾಲರಿ. ಶೇ 5ರ ಬಂಗಾರದ ಬಣ್ಣದ ಲಾಗರ್ ಅಷ್ಟೇ ಪ್ರಮಾಣದಲ್ಲಿ 145ರಿಂದ 150 ಕೊಡುತ್ತದೆ. ಕಪ್ಪು ಬಂದದ್ದು ಹುರಿದ ಬಾರ್ಲಿಯಿಂದ, ಅದೂ ಒಟ್ಟು ಧಾನ್ಯದ ಸಣ್ಣ ಪಾಲಿನಿಂದ. ಕೆನೆಯಂತೆ ಕಾಣುವುದರಲ್ಲಿ ಕೊಬ್ಬಿಲ್ಲ. ಅದು ಸಾರಜನಕದ ಪುಟ್ಟ ಗುಳ್ಳೆಗಳ ಕೆಲಸ.

ಹಾಗಾದರೆ ಕ್ಯಾಲರಿ ಎಲ್ಲಿಂದ? ಒಂದು ಗ್ರಾಂ ಪಿಷ್ಟ ಅಥವಾ ಸಕ್ಕರೆಯಲ್ಲಿ 4 ಕ್ಯಾಲರಿ, ಕೊಬ್ಬಿನಲ್ಲಿ 9, ಆಲ್ಕೋಹಾಲಿನಲ್ಲಿ 7. ನಮ್ಮಲ್ಲಿ ಬಹಳಷ್ಟು ಮಂದಿ ಕೇಳಿ ಪಡೆಯುವ 650 ಮಿಲಿಲೀಟರ್‌ನ ‘ಸ್ಟ್ರಾಂಗ್’ ಬಾಟಲಿಯಲ್ಲಿ ಶೇ 8ರಷ್ಟು ಎಂದರೆ 52 ಮಿಲಿಲೀಟರ್ ಆಲ್ಕೋಹಾಲ್ ಇರುತ್ತದೆ. ತೂಕದಲ್ಲಿ ಅದು 41 ಗ್ರಾಂ. ಅದರಿಂದಲೇ 287 ಕ್ಯಾಲರಿ ಬಂತು. ಹುದುಗದೆ ಉಳಿದ ಪಿಷ್ಟದ ತುಣುಕುಗಳ ಲೆಕ್ಕ ಬೇರೆ.

ನಮ್ಮ ಬಾಟಲಿಗಳ ಮೇಲೆ ಕ್ಯಾಲರಿ ಬರೆದಿರುವುದು ಅಪರೂಪ. ಶೇಕಡಾ ಎಷ್ಟು ಎಂಬುದು ಮಾತ್ರ ಖಂಡಿತ ಇರುತ್ತದೆ. ಅದೊಂದೇ ಸಾಕು. ಮಿಲಿಲೀಟರ್ ಅನ್ನು ಆ ಶೇಕಡಾ ಅಂಕಿಯಿಂದ ಗುಣಿಸಿ 12ರಿಂದ ಭಾಗಿಸಿದರೆ ಒಟ್ಟು ಕ್ಯಾಲರಿಯ ಅಂದಾಜು ಕೈಗೆ ಸಿಗುತ್ತದೆ. ಗಿನ್ನೆಸ್ಸಿಗೆ ಹಾಕಿ ನೋಡಿ, 124 ಬರುತ್ತದೆ. ನಮ್ಮ ಗುತ್ತಿಗೆದಾರರ ಸ್ಟ್ರಾಂಗ್ ಬಾಟಲಿಗೆ 433. ಅವರು ಮೊಬೈಲಿನಲ್ಲಿ ಭಾಗಿಸಿ ನೋಡಿ ಸ್ವಲ್ಪ ಹೊತ್ತು ಮಾತನಾಡಲಿಲ್ಲ. ಓಡುವಾಗ ದೇಹ ಒಂದು ಕಿಲೋಮೀಟರಿಗೆ, ಒಂದು ಕಿಲೋ ತೂಕಕ್ಕೆ ಹೆಚ್ಚುಕಡಿಮೆ ಒಂದು ಕ್ಯಾಲರಿ ಸುಡುತ್ತದೆ. ಅವರ ತೂಕ 70 ಕಿಲೋ ಎಂದಿಟ್ಟುಕೊಂಡರೂ (ಅವರು ಹೇಳುವುದು ಅಷ್ಟು) ಒಂದು ಬಾಟಲಿಗೆ ಆರು ಕಿಲೋಮೀಟರಿಗಿಂತ ಹೆಚ್ಚು ಓಡಬೇಕು. ಶೇ 3.5ರ 330 ಮಿಲಿಲೀಟರ್ ಬಾಟಲಿಯಾದರೆ 96 ಕ್ಯಾಲರಿ. ಒಂದೂವರೆ ಕಿಲೋಮೀಟರಿನ ಆಸುಪಾಸಿನಲ್ಲಿ ಮುಗಿಯಿತು.

ಇಲ್ಲಿಗೆ ಸಮಸ್ಯೆಯ ಅರ್ಧ ಭಾಗ ಬಗೆಹರಿಯಿತು. ಉಳಿದರ್ಧ ರುಚಿಯದು, ನನಗೆ ಹೆಚ್ಚು ಇಷ್ಟವಾದದ್ದು ಅದೇ. ಆಲ್ಕೋಹಾಲ್ ಕಡಿಮೆಯಾದರೆ ಬಿಯರ್ ನೀರು ನೀರಾಗುತ್ತದೆ ಎಂಬ ಹೆದರಿಕೆ ಎಲ್ಲರಿಗೂ ಇದೆ. ಆದರೆ ನಾವು ರುಚಿ ಎನ್ನುವುದರಲ್ಲಿ ಬಹುಪಾಲು ಪರಿಮಳ, ಪರಿಮಳಕ್ಕೆ ತೂಕವೇ ಇಲ್ಲ ಎನ್ನಬಹುದು. ಗಂಗಾವತಿಯಿಂದ ಆನೆಗೊಂದಿಗೆ ಹೋಗುವ ದಾರಿಯ ಬಾಳೆ ತೋಟಗಳನ್ನು ನೆನೆಸಿಕೊಳ್ಳಿ. ಕಳಿತ ಬಾಳೆಯ ಘಮಕ್ಕೆ ಮುಖ್ಯ ಕಾರಣ ಐಸೋಅಮೈಲ್ ಅಸಿಟೇಟ್ ಎಂಬ ಎಸ್ಟರ್. ಜರ್ಮನಿಯ ಗೋಧಿ ಬಿಯರ್ ಹುದುಗಿಸುವ ಯೀಸ್ಟ್ ಇದೇ ಅಣುವನ್ನು ತಯಾರಿಸುತ್ತದೆ. ಒಂದು ಲೀಟರಿನಲ್ಲಿ ಕೆಲವೇ ಮಿಲಿಗ್ರಾಂ ಇದ್ದರೂ ಮೂಗು ಹಿಡಿದುಬಿಡುತ್ತದೆ. ಅದೇ ಯೀಸ್ಟ್ ಲವಂಗದ ವಾಸನೆಯ ಇನ್ನೊಂದು ಅಣುವನ್ನೂ ಬಿಡುತ್ತದೆ. ಬಿಯರಿಗೆ ಕಹಿ, ಪರಿಮಳ ಕೊಡುವ ಹಾಪ್ಸ್ ಹೂವಿನಲ್ಲಿರುವ ಲಿನಲೂಲ್ ಎಂಬ ಅಣು ನಮಗೆ ಇನ್ನೂ ಹತ್ತಿರದ್ದು: ಕೊತ್ತಂಬರಿ ಬೀಜದ ಎಣ್ಣೆಯ ಬಹುಪಾಲು ಅದೇ. ಬೀಜ ಹುರಿಯುವಾಗ ಅಡುಗೆಮನೆ ತುಂಬುವ ಪರಿಮಳದ ಒಂದು ಎಳೆ ಪೇಲ್ ಏಲ್ ಎಂಬ ಬಗೆಯ ಒಳ್ಳೆಯ ಬಿಯರಿನಲ್ಲಿಯೂ ಇದೆ. ಕುದಿ ಮುಗಿದು ತಣಿದ ಮೇಲೆ ಹಾಪ್ಸ್ ಸುರಿದು ನೆನೆಸಿಟ್ಟರೆ ಈ ಪರಿಮಳ ಆವಿಯಾಗಿ ಹೋಗದೆ ಬಿಯರಿನಲ್ಲೇ ಉಳಿಯುತ್ತದೆ. ಇದಕ್ಕೆ ಡ್ರೈ ಹಾಪಿಂಗ್ ಎನ್ನುತ್ತಾರೆ. ಇದರಿಂದ ಕ್ಯಾಲರಿ ಏರುವುದು ಲೆಕ್ಕಕ್ಕೆ ಸಿಗದಷ್ಟು.

ಕ್ಯಾಲರಿ ಬರುವ ದಾರಿ ಬೇರೆ, ಘಮ ಬರುವ ದಾರಿ ಬೇರೆ ಎಂದ ಮೇಲೆ ಒಂದನ್ನು ಕಡಿಮೆ ಮಾಡಿ ಇನ್ನೊಂದನ್ನು ಉಳಿಸಿಕೊಳ್ಳಲು ಸಾಧ್ಯ. ಸಣ್ಣ ಪ್ರಮಾಣದಲ್ಲಿ ಕ್ರಾಫ್ಟ್ ಬಿಯರ್ ಮಾಡುವವರು ‘ಸೆಷನ್’ ಎಂಬ ಹೆಸರಿನಲ್ಲಿ ಮಾಡುವುದು ಇದನ್ನೇ. ಮಾಲ್ಟ್ (ಮೊಳಕೆ ಬರಿಸಿ ಒಣಗಿಸಿದ ಬಾರ್ಲಿ) ಕಡಿಮೆ ಹಾಕಿ, ಬಾಯಿ ತುಂಬುವಂತಿರಲೆಂದು ಸ್ವಲ್ಪ ಓಟ್ಸ್ ಅಥವಾ ಗೋಧಿ ಸೇರಿಸಿ, ಪರಿಮಳದ ಹಾಪ್ಸ್‌ನಲ್ಲಿ ಮಾತ್ರ ಕೈ ಹಿಡಿಯುವುದಿಲ್ಲ. ಬರ್ಲಿನರ್ ವೈಸ್ ಎಂಬ ಹಳೆಯ ಹುಳಿ ಬಿಯರ್ ಶೇ 3ರ ಸುಮಾರಿನದು, ಲ್ಯಾಕ್ಟಿಕ್ ಆಮ್ಲದ ಹುಳಿಯೇ ಅದರ ಜೀವಾಳ. ಜರ್ಮನಿಯದೇ ಆದ ಗೋಸೆಗೆ ಉಪ್ಪು, ಕೊತ್ತಂಬರಿ ಬೀಜ ಎರಡೂ ಬೀಳುತ್ತವೆ. ನಮ್ಮ ಮಜ್ಜಿಗೆ ಗೊತ್ತಿದ್ದವರಿಗೆ ಅದು ಪರಕೀಯ ಎನ್ನಿಸುವುದಿಲ್ಲ. ಆದರೆ ಕ್ರಾಫ್ಟ್ ಎಂಬ ಮಾತನ್ನೇ ನಂಬಿ ಕೂರಬಾರದು. ಮಬ್ಬು ಬಣ್ಣದ, ಮಾವಿನ ಘಮದ ಐಪಿಎ (ಹಾಪ್ಸ್ ಹೆಚ್ಚು ಬಿದ್ದ ಪೇಲ್ ಏಲ್) ಶೇ 6.5 ಇದ್ದರೆ 500 ಮಿಲಿಲೀಟರ್‌ಗೆ 270 ಕ್ಯಾಲರಿ.

ಅಕ್ಕಿಯ ವಿಷಯದಲ್ಲೂ ಇಂಥದೇ ಮೋಸವಿದೆ. ಗಂಗಾವತಿ ಭತ್ತದ ಕಣಜವಾದ್ದರಿಂದ ಈ ಭಾಗದವರಿಗೆ ನುಚ್ಚಿನ ಬೆಲೆ ಗೊತ್ತು. ದೊಡ್ಡ ಬಿಯರ್ ಕಾರ್ಖಾನೆಗಳು ಬಾರ್ಲಿಯ ಜೊತೆ ಅಕ್ಕಿಯನ್ನೂ ಬಳಸುವುದುಂಟು. ಅಕ್ಕಿ ಬಿದ್ದ ಬಿಯರ್ ನಾಲಿಗೆಗೆ ತೆಳ್ಳಗೆ, ಹಗುರ. ಆದರೆ ಅಕ್ಕಿಯ ಪಿಷ್ಟ ಹೆಚ್ಚುಕಡಿಮೆ ಪೂರ್ತಿ ಸಕ್ಕರೆಯಾಗಿ, ಆ ಸಕ್ಕರೆ ಆಲ್ಕೋಹಾಲ್ ಆಗಿರುತ್ತದೆ. ನಾಲಿಗೆಗೆ ಹಗುರವಾದದ್ದು ಸೊಂಟಕ್ಕೆ ಹಗುರವಾಗಬೇಕೆಂದೇನೂ ಇಲ್ಲ.

‘ಲೈಟ್ ಬಿಯರ್’ ಎಂಬ ಹೆಸರಿನ ಹಿಂದೆ ಒಬ್ಬ ಜೀವರಸಾಯನ ವಿಜ್ಞಾನಿ ಇದ್ದಾರೆ. ಯೀಸ್ಟ್ ಸಣ್ಣ ಸಕ್ಕರೆಗಳನ್ನು ಮಾತ್ರ ತಿನ್ನುತ್ತದೆ, ಡೆಕ್ಸ್‌ಟ್ರಿನ್ ಎಂಬ ಉದ್ದನೆಯ ಸರಪಳಿಗಳನ್ನು ಬಿಟ್ಟುಬಿಡುತ್ತದೆ. ಅಮೆರಿಕದ ಜೋಸೆಫ್ ಓವೇಡ್ಸ್ ಈ ಸರಪಳಿಗಳನ್ನು ತುಂಡರಿಸುವ ಕಿಣ್ವವನ್ನು ಬಿಯರಿಗೆ ಸೇರಿಸಿದರು. ತುಂಡಾದದ್ದನ್ನು ಯೀಸ್ಟ್ ತಿಂದು ಮುಗಿಸಿತು. 1967ರಲ್ಲಿ ಆ ಬಿಯರ್ ಡಯಟ್ ಹೆಸರಿನಲ್ಲಿ ಮಾರುಕಟ್ಟೆಗೆ ಬಂದು ಸೋತಿತು. ಇದೇ ವಿಧಾನದ ಬಿಯರನ್ನು 1975ರಲ್ಲಿ ಮಿಲ್ಲರ್ ಕಂಪನಿ ‘ಲೈಟ್’ ಎಂದು ಕರೆದು ದೇಶದ ತುಂಬ ಗೆದ್ದಿತು. ಕಿಣ್ವ ಬಂದರೂ ಗೆಲ್ಲಿಸಿದ್ದು ಹೆಸರು.

ಇಷ್ಟು ಕೇಳಿದ ಗುತ್ತಿಗೆದಾರರು, ಶೇ 3.5ರದನ್ನು ನಾಲ್ಕು ಕುಡಿದರೆ ಹೇಗೆ ಎಂದು ಕೇಳಿದರು. 385 ಕ್ಯಾಲರಿ, ಲಾಭವೇನೂ ಇಲ್ಲ ಎಂದೆ. ದೇಹಕ್ಕೆ ಆಲ್ಕೋಹಾಲ್ ಕೂಡಿಡಲು ಜಾಗವಿಲ್ಲ. ಯಕೃತ್ತು ಅದನ್ನು ಮೊದಲು ಅಸಿಟಾಲ್ಡಿಹೈಡ್, ಆಮೇಲೆ ಅಸಿಟೇಟ್ ಮಾಡಿ ಸಾಗಹಾಕಬೇಕು. ಗಂಟೆಗೆ ಸುಮಾರು 7 ಗ್ರಾಂ ಅದರ ವೇಗ. ಆ ಹೊತ್ತಿನಲ್ಲಿ ಕೊಬ್ಬು ಸುಡುವ ಕೆಲಸ ಹಿಂದೆ ಸರಿಯುತ್ತದೆ. 2014ರಲ್ಲಿ ಪ್ರಕಟವಾದ ಆಸ್ಟ್ರೇಲಿಯಾದ ಒಂದು ಅಧ್ಯಯನದಲ್ಲಿ ಕಠಿಣ ವ್ಯಾಯಾಮ ಮಾಡಿದ ಎಂಟು ಜನರಿಗೆ ಆಲ್ಕೋಹಾಲ್ ಕೊಟ್ಟಾಗ, ಜೊತೆಗೆ ಪ್ರೋಟೀನ್ ಕೊಟ್ಟಿದ್ದರೂ ಸ್ನಾಯುಗಳಲ್ಲಿ ಪ್ರೋಟೀನ್ ಕಟ್ಟುವ ಕೆಲಸ ಶೇ 24ರಷ್ಟು ಕುಗ್ಗಿತ್ತು. ಕೊಟ್ಟ ಪ್ರಮಾಣ ಬಹಳ ದೊಡ್ಡದು, ದೇಹದ ತೂಕದ ಕಿಲೋ ಒಂದಕ್ಕೆ 1.5 ಗ್ರಾಂ, ಜನ ಎಂಟೇ. ಆದರೂ ಜಿಮ್ ಮುಗಿಸಿ ನೇರ ಬಾರಿಗೆ ಹೋಗುವವರು ಇದನ್ನು ತಿಳಿದಿರಲಿ. ಕ್ಯಾನ್ಸರ್ ಸಂಶೋಧನೆಯ ಅಂತರರಾಷ್ಟ್ರೀಯ ಸಂಸ್ಥೆ 1988ರಲ್ಲೇ ಮದ್ಯವನ್ನು ಕ್ಯಾನ್ಸರ್‌ಕಾರಕಗಳ ಮೊದಲ ಗುಂಪಿಗೆ ಸೇರಿಸಿದೆ. ಸುರಕ್ಷಿತ ಪ್ರಮಾಣ ಎಂಬುದೇ ಇಲ್ಲ ಎಂದು ವಿಶ್ವ ಆರೋಗ್ಯ ಸಂಸ್ಥೆ 2023ರಲ್ಲಿ ಹೇಳಿತು. ಈ ಲೇಖನ ಓದಿ ಯಾರೂ ಹೊಸದಾಗಿ ಕುಡಿಯಲು ಶುರು ಮಾಡಬೇಕಿಲ್ಲ. ಬೆವರಿದ ದೇಹಕ್ಕೆ ನೀರಿನ ಬದಲು ಬಿಯರ್ ಎಂಬ ನಮ್ಮ ಊರಿನ ವಾದವೂ ನಿಲ್ಲುವುದಿಲ್ಲ. ಮೂತ್ರಪಿಂಡಕ್ಕೆ ನೀರು ಹಿಡಿದಿಡು ಎಂದು ಹೇಳುವ ಹಾರ್ಮೋನನ್ನು ಆಲ್ಕೋಹಾಲ್ ತಡೆಯುತ್ತದೆ.

ಆಲ್ಕೋಹಾಲ್ ತೆಗೆದ ಬಿಯರಿನ ಕತೆ ಬೇರೆ. 2009ರ ಮ್ಯೂನಿಕ್ ಮ್ಯಾರಥಾನ್ ಓಡಿದವರಿಗೆ ಓಟದ ಹಿಂದೆ ಮುಂದೆ ಕೆಲವು ವಾರ ಆಲ್ಕೋಹಾಲ್ ಇಲ್ಲದ ಗೋಧಿ ಬಿಯರ್ ಕುಡಿಸಿ ನೋಡಿದಾಗ ನೆಗಡಿ, ಗಂಟಲು ಸೋಂಕು ಕಡಿಮೆ ಕಂಡುಬಂದವು. ಹಣ ಕೊಟ್ಟದ್ದು ಬಿಯರ್ ಕಂಪನಿ ಎಂಬುದನ್ನೂ ಜೊತೆಗೇ ನೆನಪಿಡಬೇಕು. ಇಂಥ ಬಿಯರಿಗೆ ನಮ್ಮ 12ರ ಸೂತ್ರ ನಡೆಯುವುದಿಲ್ಲ. ಸೊನ್ನೆಯನ್ನು ಯಾವುದರಿಂದ ಭಾಗಿಸಿದರೂ ಸೊನ್ನೆಯೇ, ಆದರೆ ಬಾಟಲಿಯಲ್ಲಿ ಸಕ್ಕರೆ, ಡೆಕ್ಸ್‌ಟ್ರಿನ್ ಇದ್ದೇ ಇರುತ್ತವೆ.

ಜೊತೆಗೆ ತಿನ್ನುವುದರ ಬಗ್ಗೆ ನಾನು ಹೆಚ್ಚು ಹೇಳಲಿಲ್ಲ. ಗುತ್ತಿಗೆದಾರರ ಎದುರು ಒಗ್ಗರಣೆ ಮಂಡಕ್ಕಿ, ಆಗಷ್ಟೇ ಎಣ್ಣೆಯಿಂದ ತೆಗೆದ ಮಿರ್ಚಿ. ಒಂದು ಮಿರ್ಚಿ 10 ಗ್ರಾಂ ಎಣ್ಣೆ ಹೀರಿದ್ದರೂ 90 ಕ್ಯಾಲರಿ ಅಲ್ಲೇ ಆಯಿತು. ಕಹಿ ಐಪಿಎ ಜೊತೆ ಮಿರ್ಚಿ ತಿಂದರೆ ಖಾರ ಇನ್ನಷ್ಟು ಸುಡುತ್ತದೆ, ಬಾಳೆ ಘಮದ ಗೋಧಿ ಬಿಯರ್ ಒಗ್ಗುತ್ತದೆ ಎಂದಷ್ಟೇ ಹೇಳಿದೆ.

ಮುಂದಿನ ಭಾನುವಾರ ಓಟದ ನಂತರ ಅವರ ಮನೆಗೆ ಹೋದೆವು. ಮನೆಯವರು ಜೋಳದ ಅಂಬಲಿ ಕೊಟ್ಟರು, ರಾತ್ರಿಯಿಡೀ ಹುಳಿತದ್ದು, ಮಜ್ಜಿಗೆ ಮತ್ತು ಹಸಿ ಈರುಳ್ಳಿ ಸೇರಿಸಿದ್ದು. ಬರ್ಲಿನಿನ ಆ ಹುಳಿ ಬಿಯರಿನಲ್ಲಿ ಕೆಲಸ ಮಾಡುವ ಲ್ಯಾಕ್ಟಿಕ್ ಬ್ಯಾಕ್ಟೀರಿಯಾಗಳ ಬಳಗವೇ ಇಲ್ಲಿಯೂ ಕೆಲಸ ಮಾಡಿದ್ದು ಎಂದೆ. ಆಫ್ರಿಕಾದ ಹಲವೆಡೆ ಇದೇ ಜೋಳವನ್ನು ಮೊಳಕೆ ಕಟ್ಟಿ ಬಿಯರ್ ಮಾಡುತ್ತಾರೆ ಎಂದೂ ಸೇರಿಸಿದೆ. ಗುತ್ತಿಗೆದಾರರ ಕಣ್ಣು ಅರಳಿತು. ಎರಡನೇ ಲೋಟ ಮುಗಿಸಿ ಮೊಬೈಲ್ ತೆಗೆದು, ಶೇಕಡಾ ಸೊನ್ನೆ ಎಂದು ಹಾಕಿ ಗುಣಿಸಿ, ಭಾಗಿಸಿ, ನನಗೆ ತೋರಿಸಿದರು. ಈ ಸೂತ್ರ ಅಂಬಲಿಗೂ ನಡೆಯುವುದಿಲ್ಲ ಎಂದು ನಾನು ಹೇಳುವಷ್ಟರಲ್ಲಿ ಮೂರನೇ ಲೋಟ ಅವರ ಕೈಯಲ್ಲಿತ್ತು.